ಹಗ್ಗ ಎಳೆದವರು ಯಾರು?

ಸಿನಿಮಾ ತಯಾರಾಗುವ ಬಗೆಯನ್ನೇ ತೋರಿಸುವ ಸಾಕ್ಷ್ಯಚಿತ್ರಗಳುಂಟು. ಅವುಗಳಲ್ಲಿ ಅನೇಕವು ಬರೀ ಜಾಹೀರಾತು. ನಟರು ನಿರ್ದೇಶಕರನ್ನು ಹೊಗಳುತ್ತಾರೆ, ನಿರ್ದೇಶಕರು ನಟರನ್ನು ಹೊಗಳುತ್ತಾರೆ, ಅಲ್ಲಿಗೆ ಮುಗಿಯಿತು. ಅಮೆರಿಕದ ಲೆಸ್ ಬ್ಲಾಂಕ್ 1982ರಲ್ಲಿ ಹೊರತಂದ ‘ಬರ್ಡನ್ ಆಫ್ ಡ್ರೀಮ್ಸ್’ ಆ ಜಾತಿಯದಲ್ಲ.

ಜರ್ಮನಿಯ ನಿರ್ದೇಶಕ ವರ್ನರ್ ಹೆರ್ಜೋಗ್ ಪೆರು ದೇಶದ ಕಾಡಿನಲ್ಲಿ ‘ಫಿಟ್ಸ್‌ಕರಾಲ್ಡೊ’ ಎಂಬ ಚಿತ್ರ ತೆಗೆಯುತ್ತಿದ್ದರು. ಅದರ ನಾಯಕ ಒಂದು ಹಡಗನ್ನು ಗುಡ್ಡ ಹತ್ತಿಸಿ ಒಂದು ನದಿಯಿಂದ ಇನ್ನೊಂದು ನದಿಗೆ ಇಳಿಸುತ್ತಾನೆ. ಕಥೆಗೆ ಮೂಲ 19ನೆಯ ಶತಮಾನದ ಒಬ್ಬ ರಬ್ಬರ್ ಸಾಹುಕಾರ. ಅವನಾದರೋ ಹಡಗನ್ನು ಬಿಚ್ಚಿ ತುಂಡುತುಂಡಾಗಿ ಹೊರಿಸಿದ್ದ. ಲಾಭವೇ ದೇವರೆಂದವನಿಗೂ ಅಷ್ಟು ವಿವೇಕವಿತ್ತು! ಹೆರ್ಜೋಗರು 300 ಟನ್ನಿಗೂ ಮಿಕ್ಕ ಹಡಗನ್ನು ಇಡಿಯಾಗಿಯೇ ಎಳೆಸಲು ಹೊರಟರು. ಆಟಿಕೆ ಹಡಗು ಅವರಿಗೆ ಬೇಡವಾಗಿತ್ತು.

ಮೊದಲು ಹೂಡಿದ ಶಿಬಿರವನ್ನು ಅಗುವರೂನ ಬುಡಕಟ್ಟಿನವರು ವಿರೋಧಿಸಿದರು. 1979ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ತಂಡ ಬೇರೆ ಕಡೆಗೆ ಹೋಯಿತು. ಅಲ್ಲಿ ಬ್ಲಾಂಕರ ಕ್ಯಾಮೆರಾ ಕಂಡದ್ದೇನು? ಕೆಸರು, ಕೆಟ್ಟು ನಿಂತ ಬುಲ್ಡೋಜರು, ಬಿಡಿಭಾಗಕ್ಕಾಗಿ ಕಾಯುವ ದಿನಗಳು, ರಾಟೆ ತಿರುಗಿಸುವ ಮೂಲನಿವಾಸಿಗಳು. ಇಂಜಿನಿಯರು 20 ಡಿಗ್ರಿಯ ಏರಿಗೆ ಲೆಕ್ಕ ಹಾಕಿದ್ದರು; ನಿರ್ದೇಶಕರು 40 ಬೇಕೆಂದರು. ಜೀವಗಳು ಹೋದಾವೆಂದು ಎಚ್ಚರಿಸಿ ಇಂಜಿನಿಯರು ಕೆಲಸ ಬಿಟ್ಟು ಹೊರಟರು. ಹಗ್ಗ ಹಿಡಿದವರು ಉಳಿದರು.

ನ್ಯಾಯವಾಗಿ ಹೇಳಬೇಕಾದರೆ, ಆ ಸೀಮೆಯ ವಾಡಿಕೆಗಿಂತ ಹೆಚ್ಚು ಕೂಲಿಯನ್ನೇ ಹೆರ್ಜೋಗರು ಕೊಟ್ಟರೆಂದು ಸಾಕ್ಷ್ಯಚಿತ್ರವೇ ಹೇಳುತ್ತದೆ. ಆದರೆ ಪ್ರಶ್ನೆ ಕೂಲಿಯೊಂದರದೇ ಅಲ್ಲ. ಇಪ್ಪತ್ತೋ ನಲವತ್ತೋ ಎಂಬ ವಾದ ನಡೆದದ್ದು ನಿರ್ದೇಶಕರಿಗೂ ಇಂಜಿನಿಯರಿಗೂ ನಡುವೆ. ತಂತಿ ಹರಿದರೆ ಕೆಳಗೆ ನಿಂತವರು ಬೇರೆಯವರು. ಗಿರಣಿಯಲ್ಲಿ ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಯಂತ್ರದ ವೇಗ ಗೊತ್ತುಮಾಡುವವನ ಬೆರಳು ಯಂತ್ರದೊಳಗೆ ಇರುವುದಿಲ್ಲ. ತಕ್ಕಡಿ ಹಿಡಿಯುವ ವರ್ತಕ ಮಿತ್ರರೂ ಬಲ್ಲರು: ಸರಕಿನ ಮೇಲೆ ಬರೆದ ಬೆಲೆಯಲ್ಲಿ ಎಲ್ಲ ಖರ್ಚೂ ಕಾಣುವುದಿಲ್ಲ.

1982ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಹೆರ್ಜೋಗರಿಗೆ ಸಂದಿತು. ಹಡಗು ಗುಡ್ಡ ಏರುವ ದೃಶ್ಯ ನಿಜಕ್ಕೂ ಅದ್ಭುತ; ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಆ ಅದ್ಭುತಕ್ಕೆ ಹೆಗಲು ಕೊಟ್ಟವರ ಮುಖಗಳನ್ನು ಉಳಿಸಿಕೊಟ್ಟದ್ದು ಬ್ಲಾಂಕರ ಪುಟ್ಟ ಕ್ಯಾಮೆರಾ. ಆ ಕ್ಯಾಮೆರಾ ಕೂಡ ನಿರ್ದೇಶಕರ ಮಾತಿಗೇ ಹೆಚ್ಚು ಹೊತ್ತು ಕೊಟ್ಟಿದೆ ಎಂಬುದನ್ನು ಮರೆಯಬಾರದು.

ಆದ್ದರಿಂದ, ಮಿತ್ರರೇ, ಚಿತ್ರ ನೋಡಿ, ಸಂತೋಷಪಡಿ. ಆದರೆ ತೆರೆಯ ಮೇಲೆ ದೊಡ್ಡದೇನಾದರೂ ಕದಲಿದಾಗ ಒಂದು ಮಾತು ಕೇಳಿ: ಹಗ್ಗ ಎಳೆದವರು ಯಾರು, ಏರು ಎಷ್ಟಿರಬೇಕೆಂದು ಅವರನ್ನು ಕೇಳಿದವರು ಯಾರು?