ನೀರಿನ ದಾರಿ ನಕಾಶೆಯಲ್ಲಿರಲಿ

(ಸಂಘದ ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಈ ಸಂಭ್ರಮಕ್ಕೆ ನನ್ನನ್ನು ಬೆಂಗಳೂರಿನ ಮತ್ತಿಕೆರೆಯಿಂದ ಕರೆಸಿದ್ದೀರಿ. "ಕಂಪ್ಯೂಟರ್‌ನಲ್ಲಿ ಅದೇನೋ ನಕಾಶೆ ಮಾಡ್ತೀರಂತೆ, ಅದನ್ನೇ ನಮಗೆ ತಿಳಿಯೋ ಹಾಗೆ ಹೇಳಿ ಸಾರ್" ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ.

ಮತ್ತಿಕೆರೆಯೂ ಒಂದು ಕಾಲಕ್ಕೆ ನಿಮ್ಮೂರಿನಂಥದೇ ಹಳ್ಳಿ. ಹೆಸರಿನಲ್ಲೇ ಕೆರೆ ಇದೆ. ಆ ಹಳೆಯ ಕೆರೆಯ ಜಾಗದಲ್ಲಿ ಇಂದು ಜೆ. ಪಿ. ಪಾರ್ಕ್ ಇದೆ. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ನಮ್ಮ ಬಡಾವಣೆಯ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಅಲ್ಲಿಯ ಡಾ. ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನಿಟ್ಟು ಈ ಬದಲಾವಣೆಗೆ ಲೆಕ್ಕ ಕೊಟ್ಟರು. 1973ರಿಂದ 2009ರ ನಡುವೆ ಬೆಂಗಳೂರಿನ ಕಟ್ಟಡ ಪ್ರದೇಶ ಶೇ. 632ರಷ್ಟು ಹೆಚ್ಚಿತು, ನೀರಿನ ಪ್ರದೇಶ ಶೇ. 79ರಷ್ಟು ಕುಗ್ಗಿತು.

ಈ ಲೆಕ್ಕಕ್ಕೆ ನೆರವಾಗುವ ಸಾಧನವೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಚಿಕ್ಕದಾಗಿ ಜಿ.ಐ.ಎಸ್. ಎಣ್ಣೆ ಕಾಗದದ ಮೇಲೆ ಬರೆದ ನಕಾಶೆಗಳನ್ನು ಒಂದರ ಮೇಲೊಂದು ಇಟ್ಟಂತೆ ಇದು. ಒಂದರಲ್ಲಿ ಸರ್ವೆ ನಂಬರು, ಒಂದರಲ್ಲಿ ಏರು ತಗ್ಗು, ಒಂದರಲ್ಲಿ ಮಣ್ಣು, ಮೇಲೊಂದರಲ್ಲಿ ಉಪಗ್ರಹದ ಚಿತ್ರ. ಎಲ್ಲ ಸೇರಿಸಿ, ಮಳೆ ಬಂದರೆ ನೀರು ಎತ್ತ ಹೋದೀತು ಎಂದು ಲೆಕ್ಕ ಹಾಕುವುದಕ್ಕೆ ಮಾದರಿ ಎನ್ನುತ್ತೇವೆ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರು. ಹೊಲವಾದರೆ ಒಂದಷ್ಟು ಕುಡಿಯುತ್ತದೆ. ಕಾಂಕ್ರೀಟಾದರೆ ಬಹುಪಾಲು ಹರಿದೇ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಮನೆಗೇ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಓಡಾಡಿದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ.

ಆದರೆ ಕಂಪ್ಯೂಟರ್ ಸರ್ವಜ್ಞ ಅಲ್ಲ. ಒಂದು ಸಲ ನಾನೇ ಎಡವಿದ್ದೇನೆ. ಒಂದು ಹಳ್ಳಿಯ ಕೆರೆ ಈ ಸಾರಿ ಕೋಡಿ ಬೀಳುತ್ತದೆ ಎಂದು ನನ್ನ ಲೆಕ್ಕ ಹೇಳಿತು. ಮಳೆ ಚೆನ್ನಾಗಿಯೇ ಆಯಿತು, ಕೆರೆ ಅರ್ಧವೂ ತುಂಬಲಿಲ್ಲ. ಆ ಊರಿನ ವಯಸ್ಸಾದ ನೀರಗಂಟಿ ನನ್ನನ್ನು ಕರೆದುಕೊಂಡು ಹೋಗಿ ಒಂದು ರಸ್ತೆಯ ಮೇಲೆ ನಿಲ್ಲಿಸಿ, "ಕಾಲುವೆ ನಿಮ್ಮ ಕಾಲ ಕೆಳಗೇ ಐತೆ ಸ್ವಾಮಿ, ಮಣ್ಣು ಹೊಡೆದವ್ರೆ" ಅಂದರು. ನಾನು ಬಳಸಿದ್ದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಹೆಚ್ಚುಕಡಿಮೆ 9 ಗುಂಟೆ. ಹತ್ತಡಿಯ ಕಾಲುವೆ ಅದರಲ್ಲಿ ಕಾಣುವುದಾದರೂ ಹೇಗೆ? ಇಂದು ಇನ್ನೂ ಸೂಕ್ಷ್ಮ ಚಿತ್ರಗಳಿವೆ. ಆದರೂ ಬೇಸಿಗೆಯಲ್ಲಿ ಒಣಗಿ ಜಾಲಿ ಬೆಳೆದ ಹಳ್ಳ ನೀರಿನ ದಾರಿ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಊರಿನವರೇ.

ಆ ನೀರಗಂಟಿ ಈಗಿಲ್ಲ. ಅವರಿಗೆ ಗೊತ್ತಿದ್ದದ್ದರಲ್ಲಿ ಬರೆದಿಟ್ಟುಕೊಂಡದ್ದು ಆ ಒಂದೇ ಕಾಲುವೆ. ಉಳಿದದ್ದೆಲ್ಲ ಅವರ ಜೊತೆಯೇ ಹೋಯಿತು.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಗರ ನಿಮ್ಮ ಕಡೆಗೂ ಬರುತ್ತಿದೆ, ಜಮೀನಿನ ಬೆಲೆ ಏರುತ್ತಿದೆ. ಮಾರುವುದು ಬಿಡುವುದು ಅವರವರ ಇಷ್ಟ. ಆದರೆ ಹಳ್ಳ ಕಾಲುವೆ ಯಾರೊಬ್ಬರ ಸ್ವತ್ತೂ ಅಲ್ಲ. ಬರುವ ಬೇಸಿಗೆಯಲ್ಲಿ ಸಂಘದ ವತಿಯಿಂದ ಒಂದು ದಿನ ಮೀಸಲಿಡಿ. ಗ್ರಾಮ ನಕಾಶೆ ಹಿಡಿದು, ಊರಿನ ಹಿರಿಯರನ್ನು ಮುಂದಿಟ್ಟುಕೊಂಡು, ಶಾಲೆಯ ಮಕ್ಕಳ ಸಮೇತ ಕೆರೆಯಿಂದ ಮೇಲಕ್ಕೆ ನಡೆಯಿರಿ. ಸರ್ಕಾರದ 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಸಿಗುತ್ತದೆ. ಎಲ್ಲಿ ಕಾಲುವೆ ಇದೆ, ಎಲ್ಲಿ ಮುಚ್ಚಿದೆ ಎಂದು ಗುರುತು ಹಾಕಿ, ಒಂದು ಪ್ರತಿ ಪಂಚಾಯಿತಿಗೆ ಕೊಡಿ, ಇನ್ನೊಂದನ್ನು ಸಂಘದ ಬೀರುವಿನಲ್ಲಿ ಇಡಿ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ನಮ್ಮ ನಾಡಿನ ಮೊದಲ ಸಹಕಾರ ಸಂಘ ಹುಟ್ಟಿದಾಗ ಜನ ತಮ್ಮಲ್ಲಿದ್ದ ಅಷ್ಟಿಷ್ಟನ್ನೇ ಕೂಡಿಸಿದರು. ಊರಿನ ನೆನಪನ್ನೂ ಹಾಗೆಯೇ ಕೂಡಿಸಬೇಕು. ಮತ್ತಿಕೆರೆಯಲ್ಲಿ ನಾವು ಕೆರೆಯನ್ನು ಹೆಸರಿನಲ್ಲಿ ಮಾತ್ರ ಉಳಿಸಿಕೊಂಡೆವು. ನಿಮಗೆ ಇನ್ನೂ ಕಾಲ ಮಿಂಚಿಲ್ಲ.

ಸಂಘ ಚಿನ್ನದ ಹಬ್ಬವನ್ನೂ ಕಾಣಲಿ, ಆ ದಿನ ನಿಮ್ಮ ಕೆರೆ ತುಂಬಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.