ಒಂದು ಕೇಸ್ ಪೇಪರಿನ ಬೆಲೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)





ವೈದ್ಯಕೀಯ ಸಂಶೋಧನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಸಂಶೋಧನೆ ಎಂದ ಕೂಡಲೇ ನಮ್ಮ ಮಕ್ಕಳು ಅದು ದೊಡ್ಡ ದೇಶಗಳ, ದೊಡ್ಡ ಯಂತ್ರಗಳ ಕೆಲಸ, ನಮ್ಮದಲ್ಲ ಎಂದುಕೊಳ್ಳುತ್ತಾರೆ. ಆ ತಪ್ಪು ತಿಳುವಳಿಕೆಯನ್ನು ಇವತ್ತು ಸ್ವಲ್ಪ ಸಡಿಲಿಸಬೇಕೆಂದಿದ್ದೇನೆ.

ನೀವು ಬಾಗಲಕೋಟೆಯ ದವಾಖಾನೆಗೆ ಹೋದರೆ ಮೊದಲು ಏನು ಮಾಡಿಸುತ್ತೀರಿ? ಕೇಸ್ ಪೇಪರ್. ಅದರಲ್ಲಿ ಹೆಸರು, ವಯಸ್ಸು, ಊರು, ಜ್ವರ ಎಷ್ಟು ದಿನದಿಂದ ಎಂದು ಬರೆಯುತ್ತಾರೆ. ಅದೇ ಕೇಸ್ ಪೇಪರನ್ನು ಒಬ್ಬ ವೈದ್ಯ ಶ್ರದ್ಧೆಯಿಂದ, ಮುಚ್ಚುಮರೆಯಿಲ್ಲದೆ, ಜಗತ್ತಿನ ಉಳಿದ ವೈದ್ಯರಿಗೂ ಉಪಯೋಗವಾಗಲಿ ಎಂದು ಬರೆದು ಪ್ರಕಟಿಸಿದರೆ ಅದಕ್ಕೆ ಕೇಸ್ ರಿಪೋರ್ಟ್ ಎನ್ನುತ್ತಾರೆ. ಸಂಶೋಧನೆಯ ಮೊದಲ ಮೆಟ್ಟಿಲು ಅದು.

ಈ ಮೆಟ್ಟಿಲು ಕಟ್ಟಿದವರಲ್ಲಿ ನಮ್ಮ ಹಿರಿಯರೂ ಇದ್ದಾರೆ. ಸುಮಾರು 1100 ವರ್ಷಗಳ ಹಿಂದೆ ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳಲ್ಲಿ ಮುಖ್ಯಸ್ಥರಾಗಿದ್ದ ಹಕೀಂ ಅಬೂಬಕರ್ ಅಲ್-ರಾಝಿ ತಮ್ಮ ರೋಗಿಗಳ ವಿವರಗಳನ್ನು ಬರೆದಿಡುತ್ತಿದ್ದರು. ಅವರ ಟಿಪ್ಪಣಿಗಳು ಅವರು ತೀರಿಕೊಂಡ ಮೇಲೆ ‘ಅಲ್-ಹಾವಿ’ ಎಂಬ ಬೃಹತ್ ಗ್ರಂಥವಾದವು. 1279ರಲ್ಲಿ ಅದು ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನ ವೈದ್ಯರ ಕೈ ಸೇರಿತು. ಅವರು ದಾಖಲಿಸಿದ ಒಬ್ಬ ರೋಗಿಗೆ ಮೇಲಿಂದ ಮೇಲೆ ಚಳಿಜ್ವರ. ಎಲ್ಲರೂ ಅದನ್ನು ಸರತಿಯ ಜ್ವರವೆಂದೇ ತಿಳಿಯುವಂತಿತ್ತು. ಕೊನೆಗೆ ಮೂತ್ರದಲ್ಲಿ ಕೀವು ಬಂದಾಗ ರೋಗದ ಮೂಲ ಮೂತ್ರಪಿಂಡದಲ್ಲಿದೆ ಎಂದು ಖಚಿತವಾಯಿತು, ರೋಗಿ ಗುಣಮುಖನಾದ. ರಾಝಿ ಅಷ್ಟಕ್ಕೇ ನಿಲ್ಲಲಿಲ್ಲ. ನಿಂತಾಗ ಸೊಂಟದಲ್ಲಿ ಭಾರ ಎನಿಸುತ್ತದೆಯೇ ಎಂದು ತಾವು ಮೊದಲೇ ಕೇಳಬೇಕಿತ್ತು, ಕೇಳದೆ ಬಿಟ್ಟೆ ಎಂದು ತಮ್ಮ ಲೋಪವನ್ನೂ ಬರೆದರು. ಮಕ್ಕಳೇ, ತನ್ನ ತಪ್ಪನ್ನು ತನ್ನ ಕೈಯಾರೆ ಬರೆದಿಡುವ ಧೈರ್ಯವೇ ಇಲ್ಮಿನ ಮೊದಲ ಗುಣ.

ಈಗ ಅಲ್ಜೀರಿಯಾ ದೇಶಕ್ಕೆ ಬರೋಣ. ಆಗ ಅದು ಫ್ರೆಂಚರ ಆಳ್ವಿಕೆಯಲ್ಲಿತ್ತು. ಅಲ್ಲಿನ ಕಾನ್‌ಸ್ಟಂಟೈನ್ ನಗರದ ಮಿಲಿಟರಿ ಆಸ್ಪತ್ರೆಯಲ್ಲಿ ಲಾವೆರಾನ್ ಎಂಬ ಸೈನ್ಯದ ವೈದ್ಯರಿದ್ದರು. ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆ ಎಂದು ಬಹುಜನ ನಂಬಿದ್ದ ಕಾಲ ಅದು. ‘ಮಲೇರಿಯಾ’ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. 1880ರ ನವೆಂಬರ್ 6ರಂದು ಲಾವೆರಾನ್ ಜ್ವರಪೀಡಿತ ಸೈನಿಕನೊಬ್ಬನ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಅದರಲ್ಲಿ ಎಳೆಗಳಂಥ ಬಾಲಗಳನ್ನು ಆಡಿಸುತ್ತ ಜೀವಿಯೊಂದು ಚಲಿಸುತ್ತಿತ್ತು. ಅದೇ ತಿಂಗಳು ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಗೆ ವರದಿ ಕಳಿಸಿದರು. ಬಹಳ ಜನ ನಂಬಲಿಲ್ಲ. ಅವರು ಒಬ್ಬ ರೋಗಿಯಿಂದ ಮತ್ತೊಬ್ಬ ರೋಗಿಗೆ ಹೋಗುತ್ತ, 192 ರೋಗಿಗಳ ರಕ್ತ ಪರೀಕ್ಷಿಸಿ 148 ಜನರಲ್ಲಿ ಆ ಪರೋಪಜೀವಿಯನ್ನು ತೋರಿಸಿದರು. 1907ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಮೂರನೆಯ ಆಸ್ಪತ್ರೆ ನಮ್ಮ ಸಮೀಪದ್ದೇ. ನಮ್ಮ ಇಳಕಲ್ಲು ದಾಟಿ ಕುಷ್ಟಗಿಗೆ ಕಾಲಿಟ್ಟರೆ ಆಗ ನಿಜಾಮರ ಸೀಮೆ. ಆ ನಿಜಾಮರ ರಾಜಧಾನಿಯ ಪಕ್ಕದ ಸಿಕಂದರಾಬಾದಿನಲ್ಲಿ ಇಂಗ್ಲಿಷರ ದಂಡು ಇತ್ತು. ಬೇಗಂಪೇಟೆಯ ಮಿಲಿಟರಿ ಆಸ್ಪತ್ರೆ ಇಂಗ್ಲಿಷರ ಪಾಲಿಗೆ ಕಡಲಾಚೆಯದು, ನಮ್ಮ ಪಾಲಿಗೆ ನೆರೆಮನೆಯದು. ಅಲ್ಲಿದ್ದವರು ಭಾರತದ ಅಲ್ಮೋರಾದಲ್ಲೇ ಹುಟ್ಟಿದ ರೊನಾಲ್ಡ್ ರಾಸ್. ಅವರು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಒಂದು ಸಣ್ಣ ಸಂಗತಿ ಗಮನಿಸಿದ್ದರು. ಬಂಗಲೆಯ ಹತ್ತಿರದ ಬಾನಿಯಲ್ಲಿ ಸೊಳ್ಳೆಮರಿಗಳಿದ್ದವು. ನೀರು ಚೆಲ್ಲಿಸಿದ ಮೇಲೆ ಕೋಣೆಯಲ್ಲಿ ಸೊಳ್ಳೆ ಕಡಿಮೆಯಾದವು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ಅವರಿಗೆ ಹೊಳೆದಿರಲಿಲ್ಲ.

1895ರಲ್ಲಿ ಸಿಕಂದರಾಬಾದಿನಲ್ಲಿ ಸಂಶೋಧನೆ ಶುರು ಮಾಡಿದರು. ರಕ್ತ ಕೊಡಲು ಜನ ಹೆದರುತ್ತಿದ್ದರು. ಹಣ ಕೊಟ್ಟು ಒಪ್ಪಿಸಬೇಕಾಗುತ್ತಿತ್ತು. ಸೊಳ್ಳೆ ಬಿದ್ದು ಸತ್ತ ನೀರು ಕುಡಿದರೆ ಮಲೇರಿಯಾ ಬರಬಹುದೆಂಬ ಊಹೆ ಆಗ ಇತ್ತು. ಅದನ್ನು ಪರೀಕ್ಷಿಸಲು ಲಕ್ಷ್ಮಣ ಎಂಬ ಆಳಿಗೆ ಅಂಥ ನೀರು ಕುಡಿಸಿದರು. ಕೆಲವು ದಿನಗಳಲ್ಲಿ ಅವನಿಗೆ ಜ್ವರ ಬಂದಿತು. ರಾಸ್ ಹಿಗ್ಗಿದರು. ಆದರೆ ಮತ್ತೆ ಮತ್ತೆ ಮಾಡಿದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ, ಊಹೆಯೇ ತಪ್ಪಾಗಿತ್ತು. ಒಂದು ಕೇಸು ಬಾಗಿಲು ತೋರಿಸಬಹುದು, ದಾರಿ ತಪ್ಪಿಸಲೂಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎರಡು ವರ್ಷ ಅವರು ಬೇರೆ ಜಾತಿಯ ಸೊಳ್ಳೆಗಳನ್ನೇ ಕೊಯ್ದು ನೋಡಿ ಬರಿಗೈಯಲ್ಲಿ ಉಳಿದರು. 1897ರ ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಕೆಲವು ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಅವುಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದ. ಕೂಲಿ, ಸೊಳ್ಳೆಗೆ ಒಂದು ಆಣೆ. ಆಗಸ್ಟ್ 20ರಂದು, ಉಳಿದಿದ್ದ ಕೊನೆಯ ಎರಡು ಸೊಳ್ಳೆಗಳಲ್ಲಿ ಒಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಕಪ್ಪು ಕಣಗಳಿರುವ ಕೋಶಗಳು ಕಂಡವು. ಮರುದಿನ ಇನ್ನೊಂದರಲ್ಲಿ ಅವು ಇನ್ನೂ ದೊಡ್ಡದಾಗಿದ್ದವು. ಅದೇ ವರ್ಷ ಡಿಸೆಂಬರ್ 18ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ವರದಿ ಅಚ್ಚಾಯಿತು. ಅದರ ಆಧಾರ ಎರಡೇ ಸೊಳ್ಳೆ! 1898ರಲ್ಲಿ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾ ಸೊಳ್ಳೆಯ ಕಡಿತದಿಂದಲೇ ಹರಡುತ್ತದೆಂದು ರಾಸ್ ತೋರಿಸಿದರು. ಅಲ್ಲಿ ಅವರ ಸಹಾಯಕರಾಗಿದ್ದವರು ಮಹಮ್ಮದ್ ಬಕ್ಷ್. ಮನುಷ್ಯರ ವಿಷಯದಲ್ಲಿ ಇಟಲಿಯ ವಿಜ್ಞಾನಿಗಳು ಅದನ್ನು ದೃಢಪಡಿಸಿದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಸಂದಿತು. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ.

ನೊಬೆಲ್ ರಾಸ್‌ಗೆ ಬಂದಿತು, ಆಣೆಗಳು ಹುಸೇನ್ ಖಾನನಿಗೆ. ಅವನು ಮುಂದೆ ಹೇಗೆ ಬದುಕಿದ ಎಂದು ವಿಜ್ಞಾನದ ಪುಸ್ತಕಗಳು ವಿಚಾರಿಸುವುದಿಲ್ಲ. ರಾಸ್ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಶ್ರಮದಿಂದ ಉಳಿದ ಜೀವಗಳು ಲೆಕ್ಕಕ್ಕೆ ಸಿಗಲಾರವು. ಆದರೆ ಮಿಲಿಟರಿ ಆಸ್ಪತ್ರೆಗಳಲ್ಲಿ ಸಂಶೋಧನೆ ಬೆಳೆಯಲು ಕಾರಣವೇನೆಂದು ಯೋಚಿಸಿರಿ. ಅಲ್ಲಿ ರೋಗಿಗಳು ಸಾಲಾಗಿ ಮಲಗಿರುತ್ತಾರೆ, ದಿನವೂ ದಾಖಲೆ ಇರುತ್ತದೆ, ಯಾರು ಎಲ್ಲಿಂದ ಬಂದರೆಂದು ಗೊತ್ತಿರುತ್ತದೆ. ಜೊತೆಗೆ, ಮೇಲಧಿಕಾರಿ ಹೇಳಿದರೆ ಸಿಪಾಯಿ ಬೇಡವೆನ್ನಲಾರ. ಬಡವನೂ ಹಾಗೆಯೇ, ದುಡ್ಡು ತೋರಿಸಿದರೆ ಬೇಡವೆನ್ನುವುದು ಕಷ್ಟ.

ಈ ಪಾಠವನ್ನು ಜಗತ್ತು ಬಹಳ ನೋವುಂಡು ಕಲಿಯಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿ ವೈದ್ಯರು ಕೈದಿಗಳ ಮೇಲೆ ಮಾಡಿದ ಕ್ರೌರ್ಯದ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ, 1964ರಲ್ಲಿ ಹೆಲ್ಸಿಂಕಿ ಘೋಷಣೆ ಬಂದವು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ, ಔಷಧ ಪ್ರಯೋಗಗಳಿಗೆ 2019ರ ನಿಯಮಗಳಿವೆ. ಅವುಗಳ ತಿರುಳು ಇಷ್ಟು: ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯ ಎದುರು ಓದಿ ಹೇಳಬೇಕು. ನೀವು ಬೇಡವೆಂದರೆ ನಿಮ್ಮ ಚಿಕಿತ್ಸೆಗೆ ಕುಂದು ಬರಬಾರದು. ಔಷಧ ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು.

ಹಾಗೆಂದು, ರಕ್ತ ಪರೀಕ್ಷೆ ಎಂದರೆ ಓಡಿಹೋಗುವ ನಮ್ಮ ಜನರ ಭಯವನ್ನೂ ನಾನು ಒಪ್ಪುವುದಿಲ್ಲ. ಒಂದು ಹನಿ ರಕ್ತ ಕೊಟ್ಟರೆ ಶಕ್ತಿ ಹೋಗುವುದಿಲ್ಲ, ಕೊಡದಿದ್ದರೆ ಜೀವ ಹೋಗಬಹುದು. ಚಳಿಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ವೈವ್ಯಾಕ್ಸ್ ಮಲೇರಿಯಾ ಎಂದಾದರೆ ಮೂರು ದಿನಕ್ಕೆ ಜ್ವರ ಇಳಿಯಿತೆಂದು ಗುಳಿಗೆ ಬಿಡಬೇಡಿ. ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ವೈದ್ಯರು ಹದಿನಾಲ್ಕು ದಿನದ ಗುಳಿಗೆ ಬರೆದಿದ್ದರೆ ಹದಿನಾಲ್ಕೂ ದಿನ ನುಂಗಿ. ಮನೆಯ ಟಾಕಿ, ಹಂಡೆ, ಬಾನಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ಒಣಗಿಸಿ, ತುಂಬಿದ ಮೇಲೆ ಮುಚ್ಚಿಡಿ. ಬೇವಿನ ಹೊಗೆ ಹಾಕುವುದು ಒಳ್ಳೆಯದೇ ಇರಬಹುದು, ಆದರೆ ಅದು ನೀರಿನಲ್ಲಿರುವ ಮರಿಗಳನ್ನು ಕೊಲ್ಲುವುದಿಲ್ಲ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಿಮ್ಮಲ್ಲಿ ಕೆಲವರು ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿ ಓದುವವರಿದ್ದೀರಿ. ಮುಂದೆ ಬಾಗಲಕೋಟೆಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಅರಬ್ ದೇಶಗಳಲ್ಲಿರಲಿ, ನಿಮ್ಮ ಕೈಯಲ್ಲಿ ಕೇಸ್ ಪೇಪರ್ ಇರುತ್ತದೆ. ಅದನ್ನು ಬೇಸರದಿಂದ ಗೀಚಬೇಡಿ. ನೋಡಿದ್ದನ್ನು ನೋಡಿದಂತೆ ಬರೆಯಿರಿ. ನೋಡದೇ ಇದ್ದದ್ದನ್ನು ಬರೆಯಬೇಡಿ. ತಪ್ಪಾದರೆ ರಾಝಿಯಂತೆ ಒಪ್ಪಿಕೊಳ್ಳಿ. ರೋಗಿಯ ಗುಟ್ಟು ನಿಮ್ಮ ಬಳಿ ಅಮಾನತ್ತು; ಅದನ್ನು ಕಾಯಿರಿ. ಹಾಸಿಗೆಯ ಮೇಲಿರುವವನು ಕೇಸ್ ನಂಬರ್ ಅಲ್ಲ, ಯಾರದೋ ಅಪ್ಪ, ಯಾರದೋ ಮಗಳು.

ಲಾವೆರಾನ್ ಆ ಹನಿ ರಕ್ತ ನೋಡಿದ ಅಲ್ಜೀರಿಯಾವನ್ನು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾಮುಕ್ತ ದೇಶವೆಂದು ಘೋಷಿಸಿತು. 139 ವರ್ಷ ಹಿಡಿಯಿತು, ಆದರೆ ಆಯಿತು. ಹುಸೇನ್ ಖಾನ್ ತೋಳು ಚಾಚಿದ ನಮ್ಮ ದೇಶಕ್ಕೂ ಆ ದಿನ ಬರಬೇಕಾಗಿದೆ. ಅದನ್ನು ತರುವವರಲ್ಲಿ ಬೇವೂರಿನ ಶಾಲೆಯಲ್ಲಿ ಓದಿದ ಹುಡುಗನೋ ಹುಡುಗಿಯೋ ಒಬ್ಬರು ಇರಲಿ. ‘ಇಕ್ರಾ’ ಎಂಬ ಆಜ್ಞೆಯಿಂದ ಆರಂಭವಾದ ಧರ್ಮದವರು ನಾವು. ಓದೋಣ, ಓದಿದ್ದನ್ನು ಜನರ ಜೀವ ಉಳಿಸಲು ಬಳಸೋಣ. ಅಲ್ಲಾಹನು ನಮ್ಮ ಮಕ್ಕಳ ಇಲ್ಮಿನಲ್ಲಿ ಬರಕತ್ ನೀಡಲಿ, ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.