ಒಂದೇ ಸೂರು, ಎರಡು ಬಾಗಿಲು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಯೂರೋಪು ಅಂದ ತಕ್ಷಣ ನಮ್ಮಲ್ಲಿ ಕೆಲವರಿಗೆ ಸಮಾನತೆಯ ಸ್ವರ್ಗ ಕಾಣುತ್ತೆ. ಅಲ್ಲಿ ಎಲ್ಲರೂ ಒಂದೇ ಪಾರ್ಕಿನಲ್ಲಿ ಕೂತು, ಒಂದೇ ಹೋಟೆಲಿನಲ್ಲಿ ಕಾಫಿ ಕುಡೀತಾರೆ ಅಂತ. ಹಾಗಾದರೆ ಬೋಸ್ನಿಯಾದ ಶಾಲೆಗಳ ವಿಷಯ ಕೇಳಿ.

ಯುಗೊಸ್ಲಾವಿಯ ಒಡೆದು, 1992ರಿಂದ 1995ರವರೆಗೆ ಬೋಸ್ನಿಯಾದಲ್ಲಿ ಯುದ್ಧ ನಡೀತು. ಅಕ್ಕಪಕ್ಕ ಬದುಕಿದ್ದ ಮುಸ್ಲಿಂ ಬೋಸ್ನಿಯಾಕರು, ಕ್ಯಾಥೊಲಿಕ್ ಕ್ರೋಟರು, ಆರ್ಥೊಡಾಕ್ಸ್ ಸರ್ಬರು ಬೇರೆ ಬೇರೆಯಾದರು. ಮೊಸ್ತಾರ್ ಊರಲ್ಲಿ 1566ರ ಹಳೆಯ ಕಲ್ಲಿನ ಸೇತುವೆ ಇತ್ತು. 1993ರ ನವೆಂಬರ್ 9ರಂದು ಕ್ರೋಟ್ ಪಡೆಗಳ ಗುಂಡಿಗೆ ಅದು ಹೊಳೆಗೆ ಬಿತ್ತು. 2004ರಲ್ಲಿ ಮತ್ತೆ ಕಟ್ಟಿದರು. ಪತ್ರಿಕೆಗಳೆಲ್ಲ ಮನಸ್ಸುಗಳು ಕೂಡಿದವು ಅಂತ ಬರೆದವು. ಕಲ್ಲು ಕೂಡಿಸೋದು ಸುಲಭ ಬಿಡಿ.

ಅದೇ ಕಾಲದಲ್ಲಿ ಶಾಲೆಗಳ ಒಳಗೆ ಏನಾಯ್ತು? ಊರು ಬಿಟ್ಟವರು ವಾಪಸು ಬಂದಾಗ ಅವರ ಮಕ್ಕಳಿಗೆ 'ತಾತ್ಕಾಲಿಕ' ಅಂತ ಒಂದು ಏರ್ಪಾಡು ಮಾಡಿದರು. ಒಂದೇ ಸೂರಿನಡಿ ಎರಡು ಶಾಲೆ. ಕ್ರೋಟ್ ಮಕ್ಕಳಿಗೆ ಒಂದು ಪಠ್ಯ, ಬೋಸ್ನಿಯಾಕ್ ಮಕ್ಕಳಿಗೆ ಇನ್ನೊಂದು. ಮೇಷ್ಟ್ರು ಬೇರೆ, ಚರಿತ್ರೆ ಬೇರೆ. ಕೆಲವು ಕಡೆ ಬಾಗಿಲೂ ಬೇರೆ, ಕೆಲವು ಕಡೆ ಬೆಳಿಗ್ಗೆ ಅವರು ಮಧ್ಯಾಹ್ನ ಇವರು. 2018ರ ಲೆಕ್ಕದಲ್ಲೂ 28 ಕಡೆ 56 ಶಾಲೆ ಹೀಗೇ ನಡೀತಿದ್ದವು.

ಭಾಷೆ ಬೇರೆ ಅನ್ನೋದು ನೆಪ. ಬೋಸ್ನಿಯನ್, ಕ್ರೊಯೇಷಿಯನ್ ಎರಡೂ ದುಭಾಷಿ ಇಲ್ಲದೆ ಅರ್ಥವಾಗೋ ನುಡಿಗಳು. ಮೈಸೂರು ಕನ್ನಡಕ್ಕೊಂದು, ಧಾರವಾಡದ ಕನ್ನಡಕ್ಕೊಂದು ಬಾಗಿಲು ಇಟ್ಟ ಹಾಗೆ. ಎರಡು ಲೋಟದ ಹೋಟೆಲು ಕಂಡ ನಮಗೆ ಈ ಜಾಣತನ ಹೊಸದಲ್ಲ. 'ಟೀ ಒಂದೇ ಅಲ್ಲವೇನಪ್ಪ?' ಅನ್ನೋರನ್ನು ನಾವೂ ನೋಡಿದ್ದೇವೆ. (ಒಂದು ವ್ಯತ್ಯಾಸ ಮರೀಬಾರದು. ಅಲ್ಲಿ ಎರಡೂ ಕಡೆಯ ರಾಜಕಾರಣಿಗಳು ಗೋಡೆ ಬೇಕು ಅಂತಾರೆ. ಇಲ್ಲಿ ಗೋಡೆ ಕಟ್ಟಿದ್ದು ಒಂದೇ ಕಡೆಯವರು.)

ಮೊಸ್ತಾರಿನ ದೊಡ್ಡ ಶಾಲೆಯಲ್ಲಿ ಅಜ್ರಾ ಹ್ರೊಮಾಜಿಚ್ ಅನ್ನೋ ಮಾನವಶಾಸ್ತ್ರಜ್ಞೆ ಅಧ್ಯಯನ ಮಾಡಿದರು. ಎರಡೂ ಕಡೆಯ ಹುಡುಗ ಹುಡುಗಿಯರು ಬೆರೆಯುತ್ತಿದ್ದದ್ದು ಎಲ್ಲಿ ಗೊತ್ತಾ? ಕಕ್ಕಸಿನಲ್ಲಿ! ಬಿಡುವಿನಲ್ಲಿ ಸಿಗರೇಟು ಸೇದುತ್ತಾ. ಒಂದು ಸಮಾಜ ತನ್ನ ಮಕ್ಕಳಿಗೆ ಮಾತಾಡೋಕೆ ಉಳಿಸಿದ ಜಾಗ ಅದು.

ಇನ್ನು ಯಾಯ್ತ್ಸೆ. ಜಲಪಾತದ ಪಕ್ಕದ ಸಣ್ಣ ಊರು. 1943ರಲ್ಲಿ ಫ್ಯಾಸಿಸ್ಟ್ ವಿರೋಧಿ ಹೋರಾಟಗಾರರು ಹೊಸ ಯುಗೊಸ್ಲಾವಿಯಕ್ಕೆ ಅಡಿಪಾಯ ಹಾಕಿದ್ದು ಅಲ್ಲೇ. ಅಲ್ಲಿನ ಹೈಸ್ಕೂಲು ಮಕ್ಕಳು ಒಟ್ಟಿಗೇ ಓದುತ್ತಿದ್ದರು. 2016ರಲ್ಲಿ ಪ್ರಾಂತದ ಸರ್ಕಾರ ಬೋಸ್ನಿಯಾಕ್ ಮಕ್ಕಳಿಗೆ ಬೇರೆ ಶಾಲೆ ಅಂತ ಹೊರಟಿತು. ಅದೇ ಪ್ರಾಂತದ ಶಿಕ್ಷಣಮಂತ್ರಿಯೊಬ್ಬರು 2007ರಲ್ಲೇ ಸೇಬನ್ನೂ ಮರಸೇಬನ್ನೂ ಬೆರೆಸೋಕಾಗಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ಮಕ್ಕಳು, ಹಣ್ಣಲ್ಲವಲ್ಲ, ಬೀದಿಗಿಳಿದರು. ಎರಡೂ ಕಡೆಯವರು ಸೇರಿ. 2017ರಲ್ಲಿ ಪ್ರಾಂತದ ರಾಜಧಾನಿ ತ್ರಾವ್ನಿಕ್‌ಗೇ ಹೋಗಿ ಕೂಗಿದರು. ಸರ್ಕಾರ ಹಿಂದೆ ಸರೀತು. ಮಾರನೇ ವರ್ಷ ಮ್ಯಾಕ್ಸ್ ವಾನ್ ಡರ್ ಸ್ಟೂಲ್ ಪ್ರಶಸ್ತಿ ಅವರಿಗೆ ಬಂತು.

ಆದರೆ ಇಷ್ಟಕ್ಕೇ ಚಪ್ಪಾಳೆ ತಟ್ಟೋದು ಬೇಡ. ಅವರು ಒಟ್ಟಿಗೆ ಕೂತು ಓದುತ್ತಿದ್ದ ಪಠ್ಯ ಕ್ರೋಟರದ್ದು. ಪುಸ್ತಕ ಒಬ್ಬರದ್ದೇ ಆದರೆ ಅದು ಎಲ್ಲರ ಜಾಗ ಅಲ್ಲ, ಇನ್ನೊಬ್ಬರ ಮನೆ ಜಗಲಿ. ಜಗಲಿಯ ಸಂಕಟ ನಿಮಗೆ ವಿವರಿಸಬೇಕಾಗಿಲ್ಲ. ಬ್ರ್ಚ್ಕೊ ಜಿಲ್ಲೆಯಲ್ಲಿ 2001ರಿಂದ ಮೂರೂ ಜನರ ಮಕ್ಕಳು ಒಂದೇ ತರಗತಿಯಲ್ಲಿದ್ದಾರೆ. ಅದು ಹೊರದೇಶದ ಮೇಲ್ವಿಚಾರಕನ ಹುಕುಮಿನಿಂದ ಆದದ್ದು. ಹುಕುಮು ಸಾಲದು ಅನ್ನೋದಕ್ಕೆ ಸಾಕ್ಷಿಯೂ ಇದೆ. ಒಂದೇ ಸೂರಿನ ಎರಡು ಶಾಲೆ ತಾರತಮ್ಯ ಅಂತ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು, ಆಮೇಲೂ ಬಾಗಿಲು ಎರಡೇ ಉಳಿದವು.

ನಾವು ಇಲ್ಲಿಗೆ ನಿಲ್ಲಿಸ್ತೇವೆ. ಹಿಂದಿನ ಸಾಲಿನ ಗೆಳೆಯರು ಮೊದಲು ಮಾತಾಡಲಿ.